ಒದ್ದಾಡೋ ಮೀನು ಫ್ರೆಶ್ಶಾ?

ರಿಚರ್ಡ್ಸ್ ಟೌನಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಬೇರೆ ಏನಿಲ್ಲದಿದ್ದರೂ ಮೀನಿಗಂತೂ ಬರ ಇಲ್ಲ. ಒಂದು ಕಡೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟು, ಇನ್ನೊಂದು ಕಡೆ ಕೆ.ಆರ್. ಪುರದವರೆಗೂ ರಸ್ತೆ ಬದಿಯ ಜೀವಂತ ಮೀನಿನ ಅಂಗಡಿಗಳು. ನೀಲಿ ಟಬ್ಬು, ಅದರೊಳಗೆ ಗುಳುಗುಳು ಅನ್ನೋ ಏರ್ ಪಂಪು, ಒಂದರ ಮೇಲೊಂದು ಬಿದ್ದಿರೋ ರೋಹು, ಕಾಟ್ಲಾ. ನೀವು ಬೆರಳು ತೋರಿಸಿದ ಮೀನನ್ನು ಹಿಡಿದು ತಕ್ಕಡಿಗೆ ಹಾಕ್ತಾರೆ, ಅದು ಪಟಪಟ ಅಂತ ಬಡಿದುಕೊಳ್ಳತ್ತೆ. "ನೋಡಿ ಸಾರ್, ಹೆಂಗೆ ಒದ್ದಾಡ್ತೈತೆ! ಇದಕ್ಕಿಂತ ಫ್ರೆಶ್ ಎಲ್ಲಿ ಸಿಗುತ್ತೆ?" ಇದು ಪ್ರತಿ ಅಂಗಡಿಯಲ್ಲೂ ಕೇಳೋ ಮಾತು. ನಾವೂ ತಲೆಯಾಡಿಸಿ ದುಡ್ಡು ಕೊಟ್ಟು ಬರ್ತೀವಿ.

ಒದ್ದಾಟ ಅಂದ್ರೆ ತಾಜಾತನದ ಸರ್ಟಿಫಿಕೇಟು ಅನ್ನೋ ಈ ನಂಬಿಕೆ ಎಷ್ಟು ಸರಿ ಅಂತ ಹುಡುಕುತ್ತಾ ಹೋದರೆ ವಿಷಯ ಚಾಲುಕ್ಯರ ಕಾಲದವರೆಗೂ ಹೋಯಿತು. ಮೀನು ಸಾಕೋದರ ಬಗ್ಗೆ, ಅದನ್ನು ನೋವಾಗದಂತೆ ನೋಡಿಕೊಳ್ಳೋದರ ಬಗ್ಗೆ, ಅದರಿಂದ ಮಾಂಸದ ರುಚಿ ಹೇಗೆ ಬದಲಾಗುತ್ತೆ ಅನ್ನೋದರ ಬಗ್ಗೆ ನಮ್ಮ ನಾಡಿನಲ್ಲಿ ಏನೇನು ನಡೆದಿದೆ ಅಂತ ಒಂದೆಡೆ ಬರೆದಿಡೋಣ ಅನ್ನಿಸಿತು. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ. ಸಸ್ಯಾಹಾರಿ ಗೆಳೆಯರೂ ಧೈರ್ಯವಾಗಿ ಓದಬಹುದು, ರೆಸಿಪಿ ಇಲ್ಲ :-)

ಮೊದಲು ಕಲ್ಯಾಣಕ್ಕೆ ಹೋಗೋಣ, ಅಂದ್ರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ರಾಜನಾದವನಿಗೆ ಏನೇನು ಗೊತ್ತಿರಬೇಕೋ ಅದೆಲ್ಲ ಇರೋ ವಿಶ್ವಕೋಶ ಅದು. ಅದರಲ್ಲಿ 'ಮತ್ಸ್ಯವಿನೋದ' ಅಂತ ಒಂದು ಭಾಗ ಇದೆ. ನದಿಯ ಮೀನು, ಕಡಲ ಮೀನು, ಯಾವುದು ಎಲ್ಲಿರುತ್ತೆ, ಯಾವ ಜಾತಿಗೆ ಯಾವ ತಿನಿಸು ಹಾಕಿದರೆ ಹತ್ತಿರ ಬರುತ್ತೆ, ಗಾಳಕ್ಕೆ ಏನು ಸಿಕ್ಕಿಸಬೇಕು, ಎಲ್ಲಾ ಇದೆ. ಅಡುಗೆಯ ಭಾಗದಲ್ಲಿ ಮೀನು ಬೇಯಿಸುವ ಬಗೆಯೂ ಇದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಮೀನು ವಿಜ್ಞಾನಿಯ ಕಣ್ಣಿನಿಂದ ಓದಿ ಲೇಖನ ಬರೆದರು. ಮೀನಿಗೆ ಏನು ತಿನ್ನಿಸಬೇಕು ಅನ್ನೋದನ್ನು ಸುಮಾರು 900 ವರ್ಷದ ಹಿಂದೆಯೇ ಬರೆದಿಟ್ಟ ನಾಡು ನಮ್ಮದು. ಇವತ್ತು ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರೋದೂ ಅದೇ ಬೀದರಿನಲ್ಲಿ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ಕಾಕತಾಳೀಯ.

ಸೋಮೇಶ್ವರನಿಗೆ ಮೀನು ಅಂದ್ರೆ ವಿನೋದ ಮತ್ತು ಊಟ. ಬ್ರಿಟಿಷರ ಕಾಲಕ್ಕೆ ಅದು ಆದಾಯದ ಪ್ರಶ್ನೆ ಆಯಿತು. ಮಂಗಳೂರಿನ ಕಡೆ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆ ಬಗ್ಗೆ ವರದಿ ಕೊಟ್ಟ. ಗಾಳ ಹಾಕೋ ಹುಚ್ಚಿದ್ದ ಮನುಷ್ಯ, 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಅವನ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಮರಿಗಳನ್ನೇ ಬಾಚಿ ಹಿಡಿದರೆ ನಾಳೆ ದೊಡ್ಡ ಮೀನು ಎಲ್ಲಿಂದ ಬರಬೇಕು ಅನ್ನೋದು ಅವನ ತಕರಾರು. ಮುಂದೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ವಿಷ ಹಾಕೋದು, ಸಿಡಿಮದ್ದು ಸಿಡಿಸೋದು ಅಪರಾಧ ಅಂತಾಯಿತು. ಮೀನಿಗೆ ನೋವಾಗುತ್ತೆ ಅಂತ ಮಾಡಿದ ಕಾನೂನಲ್ಲ ಇದು, ಮೀನು ಖಾಲಿಯಾಗುತ್ತೆ ಅಂತ ಮಾಡಿದ್ದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇತ್ತ ನಮ್ಮ ದಂಡು ಪ್ರದೇಶದಲ್ಲಿ ತಿನ್ನೋರು ತುಂಬಾ ಜನ, ಕಡಲು ದೂರ. 1864ರಲ್ಲಿ ಜೋಲಾರ್‌ಪೇಟೆಯಿಂದ ಕಂಟೋನ್ಮೆಂಟಿಗೆ ರೈಲು ಬಂದಿದ್ದರಿಂದ ಮದ್ರಾಸಿನ ದಾರಿ ಹತ್ತಿರವಾಯಿತು. ರಸೆಲ್ ಮಾರ್ಕೆಟ್ 1927ರಲ್ಲಿ ಕಟ್ಟಿದ್ದು, ಉದ್ಘಾಟನೆ ಆಗಿದ್ದು 1933ರಲ್ಲಿ. ಬೆಂಗಳೂರಿನಂಥ ಒಳನಾಡಿನ ಊರಿನಲ್ಲಿ ಕಡಲ ಮೀನು ಅಂದ್ರೆ ಐಸ್ ಹಾಕಿದ ಮೀನೇ. ಕಿವಿರು ಎತ್ತಿ ನೋಡು, ಕಣ್ಣು ನೋಡು, ಬೆರಳಿನಲ್ಲಿ ಒತ್ತಿ ನೋಡು ಅಂತ ನಮ್ಮ ಅಮ್ಮಂದಿರು ಹೇಳಿಕೊಟ್ಟ ಪರೀಕ್ಷೆಗಳೆಲ್ಲ ಸತ್ತ ಮೀನಿಗೆ. ಹಾಗಾಗಿ ಟಬ್ಬಿನಲ್ಲಿ ಜೀವಂತ ಮೀನು ಸಿಗೋಕೆ ಶುರುವಾದಾಗ ಜನಕ್ಕೆ ದೊಡ್ಡ ನಿರಾಳ ಆಗಿರಬೇಕು. ಪರೀಕ್ಷೆಯೇ ಬೇಡ, ಕಣ್ಣೆದುರಿಗೇ ಬಡಿದುಕೊಳ್ತಾ ಇದೆಯಲ್ಲ!

ಆದರೆ ಈ ರೋಹು, ಕಾಟ್ಲಾ, ಮೃಗಾಲ್ ನಮ್ಮ ಕಾವೇರಿಯವಲ್ಲ. ಇವು ಗಂಗೆಯ ಕಡೆಯವು. ಅಲ್ಲಿಂದ ಇಲ್ಲಿಗೆ ಹೇಗೆ ಬಂದವು ಅನ್ನೋದೇ ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ.

ಆಗ ಕೆರೆಯಲ್ಲಿ ಈ ಮೀನುಗಳು ಮೊಟ್ಟೆ ಇಡುತ್ತಿರಲಿಲ್ಲ, ಅವಕ್ಕೆ ಮಳೆಗಾಲದ ಹರಿವ ನದಿಯೇ ಆಗಬೇಕು. ಹಾಗಾಗಿ ಬಂಗಾಳದ ನದಿಗಳಲ್ಲಿ ಮರಿ ಹಿಡಿದು, ಕಲ್ಕತ್ತದಿಂದ ಬೇರೆ ಬೇರೆ ಪ್ರಾಂತ್ಯಗಳಿಗೆ ರೈಲಿನಲ್ಲಿ ಕಳಿಸುತ್ತಿದ್ದರು. ತುಂಬೋದು ಮಣ್ಣಿನ ಗಡಿಗೆಗಳಲ್ಲಿ. ಅದಕ್ಕೆ ಅಲ್ಲಿನವರು ಹೇಳೋದು 'ಹುಂಡಿ' ಅಂತ (ತಿರುಪತಿ ಹುಂಡಿ ಅಲ್ಲ ಮತ್ತೆ!). ಗಡಿಗೆಗಳ ಜೊತೆಗೆ ಮನುಷ್ಯನೂ ಪ್ರಯಾಣ ಮಾಡಬೇಕು. ನೀರಿಗೆ ಗಾಳಿ ಸೇರಲಿ ಅಂತ ಅವನು ದಾರಿಯುದ್ದಕ್ಕೂ ಗಡಿಗೆಯನ್ನು ಕೈಯಲ್ಲಿ ಕುಲುಕುತ್ತಾ ಇರಬೇಕು, ನಡುನಡುವೆ ನೀರು ಬದಲಿಸಬೇಕು. ನಿದ್ದೆ ಬಂದರೆ ಮರಿ ಸತ್ತವು ಅಂತಲೇ ಲೆಕ್ಕ. ಗೂಡ್ಸ್ ಗಾಡಿಯ ಸದ್ದಿನಲ್ಲಿ ರಾತ್ರಿಯಿಡೀ ಗಡಿಗೆ ಕುಲುಕುತ್ತಾ ಕೂತ ಆ ಹೆಸರಿಲ್ಲದ ಮನುಷ್ಯನೇ ನನ್ನ ಪ್ರಕಾರ ಭಾರತದ ಮೀನು ಸಾಕಣೆಯ ಮೊದಲ ಹೀರೋ.

ಹೊರಡುವ ಮುಂಚೆ ಇನ್ನೊಂದು ಕೆಲಸ ಇತ್ತು. ಮರಿಗಳನ್ನು ಬಟ್ಟೆಯ ತೊಟ್ಟಿಯಂಥ 'ಹಾಪಾ'ದಲ್ಲಿ ಕೆಲವು ಗಂಟೆ ಉಪವಾಸ ಇಡೋದು. ಹೊಟ್ಟೆ ಖಾಲಿಯಾದರೆ ದಾರಿಯಲ್ಲಿ ನೀರು ಹೊಲಸಾಗಲ್ಲ, ಇಕ್ಕಟ್ಟಿಗೂ ಸ್ವಲ್ಪ ಒಗ್ಗಿಕೊಳ್ಳುತ್ತವೆ. ಬಿತ್ತನೆ ಮರಿ ಸಾಗಿಸೋವಾಗ ಈ ಕ್ರಮ ಇವತ್ತಿಗೂ ಇದೆ. ಆಮೇಲೆ ಗಡಿಗೆ ಹೋಗಿ ಆಮ್ಲಜನಕ ತುಂಬಿದ ಪಾಲಿಥೀನ್ ಚೀಲ ಬಂತು, ಗಡಿಗೆ ಕುಲುಕುವವನಿಗೆ ನಿದ್ದೆ ಸಿಕ್ಕಿತು.

1957ರಲ್ಲಿ ಎಲ್ಲವೂ ಬದಲಾಯಿತು. ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಞ್ಞಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳು ಕೊಳದಲ್ಲೇ ಮೊಟ್ಟೆ ಇಡುವ ಹಾಗೆ ಮಾಡಿದರು. ಅದರ ನೆನಪಿಗೆ ಜುಲೈ 10ನ್ನು ದೇಶದಲ್ಲಿ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಅದೇ 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ಸಾಮಾನ್ಯ ಗೆಂಡೆ ಬಂತು. 1939ರಲ್ಲೇ ಸಿಂಹಳದಿಂದ ನೀಲಗಿರಿಗೆ ಅದರ ಇನ್ನೊಂದು ತಳಿ ಬಂದಿತ್ತು. ನದಿ ಕಾಯುವ ಕೆಲಸ ತಪ್ಪಿತು. ನಮ್ಮಲ್ಲಿ ಭದ್ರಾ ಅಣೆಕಟ್ಟಿನ ಬಿ.ಆರ್. ಪ್ರಾಜೆಕ್ಟು, ತುಂಗಭದ್ರಾ ಅಣೆಕಟ್ಟು ಇಂಥ ಕಡೆ ಮರಿ ಉತ್ಪಾದನಾ ಕೇಂದ್ರಗಳು ಬಂದವು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾಯಿತು, ಅದೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಳಗೆ.

ರಿಚರ್ಡ್ಸ್ ಟೌನಿಗೆ ತೀರಾ ಹತ್ತಿರದ ಕಥೆ ಬೇಕು ಅಂದ್ರೆ ಹೆಬ್ಬಾಳಕ್ಕೆ ಬನ್ನಿ. ಅಲ್ಲಿನ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಸಾಮಾನ್ಯ ಗೆಂಡೆಯ ಒಂದು ತಲೆನೋವಿಗೆ ಮದ್ದು ಹುಡುಕಿದರು. ನಮ್ಮ ಕೆರೆಗಳ ಗೆಂಡೆ ಬೇಗ ಬಲಿತು, ಮಾರೋ ಗಾತ್ರಕ್ಕೆ ಬರೋ ಮೊದಲೇ ಹೊಟ್ಟೆ ತುಂಬ ಮೊಟ್ಟೆ ತುಂಬಿಕೊಂಡು, ತಿಂದಿದ್ದೆಲ್ಲ ಅದಕ್ಕೇ ಹೋಗಿ ಬೆಳವಣಿಗೆ ನಿಲ್ಲಿಸಿಬಿಡುತ್ತಿತ್ತು. ಬ್ರಿಟನ್ನಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಜೊತೆ ಸೇರಿ ಹಂಗೆರಿ, ಇಂಡೋನೇಷ್ಯಾ, ವಿಯೆಟ್ನಾಂ ತಳಿಗಳನ್ನು ತರಿಸಿ ಹೋಲಿಸಿ ನೋಡಿದರು. ಹಂಗೆರಿಯಿಂದ ಬಂದ 'ಅಮೂರ್' ತಳಿ ತಡವಾಗಿ ಬಲಿಯುತ್ತೆ, ಚೆನ್ನಾಗಿ ಬೆಳೆಯುತ್ತೆ ಅಂತ ಕಂಡಿತು. ಇವತ್ತು ದೇಶದ ಎಷ್ಟೋ ಕಡೆ ರೈತರು ಸಾಕೋ ಅಮೂರ್ ಗೆಂಡೆಯ ಹಿಂದೆ ನಮ್ಮ ಹೆಬ್ಬಾಳ ಇದೆ.

ಈಗ ಸಾಲಾಗಿ ನೋಡಿ. ಮರಿಗೆ ಉಪವಾಸ, ಮರಿಗೆ ಆಮ್ಲಜನಕ, ಮರಿಗೆ ತಳಿ ಆಯ್ಕೆ, ಬೆಳೆಯೋ ಮೀನಿಗೆ ತೌಡು-ಹಿಂಡಿ, ಕೆರೆಗೆ ಸುಣ್ಣ-ಸಗಣಿಯ ಲೆಕ್ಕ. ನೂರು ವರ್ಷದಲ್ಲಿ ಎಷ್ಟು ಕಲಿತಿದ್ದೀವಿ! ಆದರೆ ಇದೆಲ್ಲ ಬಲೆ ಎಳೆಯೋ ದಿನದವರೆಗೆ ಮಾತ್ರ. ಬಲೆ ದಡಕ್ಕೆ ಬಂದ ಮೇಲೆ, ಮೀನು ಸಾಯೋವರೆಗಿನ ಆ ಕೊನೆಯ ಗಂಟೆ ಯಾರ ಪಠ್ಯದಲ್ಲೂ ಇಲ್ಲದ ಹಾಗೆ ನಡೆಯುತ್ತೆ. ಕಾರಣ ಸರಳ. ಮರಿ ಸತ್ತರೆ ರೈತನಿಗೆ ನಷ್ಟ, ದೊಡ್ಡ ಮೀನು ಸಾಯೋದು ಹೇಗಿದ್ದರೂ ಸಾಯೋಕೇ ತಾನೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಬರೆಯೋವಾಗ ಎಲ್ಲಾ ಟೆಸ್ಟಿಂಗ್ ಮಾಡಿ, ಪ್ರೊಡಕ್ಷನ್‌ಗೆ ಹಾಕೋ ದಿನ ಕಣ್ಣು ಮುಚ್ಚಿಕೊಂಡ ಹಾಗೆ.

ಆ ಕೊನೆಯ ಗಂಟೆಯಲ್ಲಿ ಮಾಂಸದೊಳಗೆ ಏನಾಗುತ್ತೆ ಅಂತ ನೋಡೋಣ. ನಮ್ಮ ಹಾಗೇ ಮೀನಿನ ಸ್ನಾಯುವಿಗೂ ಇಂಧನ ಎಟಿಪಿ. ಮೀನು ಒದ್ದಾಡಿದಷ್ಟೂ ಎಟಿಪಿ ಸುಡುತ್ತೆ, ಕೂಡಿಟ್ಟ ಗ್ಲೈಕೋಜೆನ್ ಖರ್ಚಾಗಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತೆ. ಓಡಿ ಓಡಿ ಸುಸ್ತಾದಾಗ ನಮ್ಮ ಕಾಲಲ್ಲಿ ಆಗೋದೇ ಇದು. ವ್ಯತ್ಯಾಸ ಏನಂದ್ರೆ ನಾವು ಸುಧಾರಿಸಿಕೊಳ್ತೀವಿ, ಮೀನಿಗೆ ಆ ಅವಕಾಶ ಇಲ್ಲ. ಸತ್ತ ಮೇಲೆ ಎಟಿಪಿ ಮುಗಿದಾಗ ದೇಹ ಸೆಟೆದುಕೊಳ್ಳುತ್ತೆ. ಶಾಂತವಾಗಿ ಸತ್ತ ಮೀನಿನಲ್ಲಿ ಈ ಸೆಟೆತ ನಿಧಾನಕ್ಕೆ ಬರುತ್ತೆ. ಒದ್ದಾಡಿ ಸತ್ತ ಮೀನಿನಲ್ಲಿ ಇಂಧನ ಮೊದಲೇ ಖಾಲಿ, ಹಾಗಾಗಿ ಸೆಟೆತ ಬೇಗ, ಜೋರಾಗಿ ಬರುತ್ತೆ. ಅದರ ಹಿಂದೆಯೇ ಮಾಂಸ ಮೆತ್ತಗಾಗೋದು, ಪದರ ಬಿಟ್ಟುಕೊಳ್ಳೋದು, ನೀರು ಬಿಡೋದು.

ರುಚಿಗೂ ಇದಕ್ಕೂ ನೇರ ಸಂಬಂಧ ಇದೆ. ಎಟಿಪಿ ಒಡೆಯುತ್ತಾ ಹೋಗಿ ಮಧ್ಯದಲ್ಲಿ ಐಎಂಪಿ ಅನ್ನೋ ವಸ್ತು ಆಗುತ್ತೆ. ಮೀನಿನ ಸಾರಿಗೆ ಆ ನಾಲಿಗೆ ಚಪ್ಪರಿಸೋ ರುಚಿ ಬರೋದರಲ್ಲಿ ಇದರ ಪಾಲು ದೊಡ್ಡದು. ಅದೂ ಒಡೆದರೆ ಕೊನೆಗೆ ಉಳಿಯೋದು ಕಹಿ ಕೊಡೋ ಹೈಪೊಕ್ಸಾಂಥಿನ್. ಈ ಸರಪಳಿಯಲ್ಲಿ ಮೀನು ಎಲ್ಲಿಗೆ ಬಂದಿದೆ ಅಂತ ಅಳೆದು ತಾಜಾತನ ಹೇಳುವ 'ಕೆ ಮೌಲ್ಯ' ಅನ್ನೋ ಅಳತೆಗೋಲನ್ನು ಜಪಾನೀಯರು 1959ರಲ್ಲೇ ಮಾಡಿಟ್ಟರು. ಜಪಾನಿನ ಮೀನುಗಾರರಿಗೆ ಪ್ರಯೋಗಾಲಯಕ್ಕಿಂತ ಮೊದಲೇ ಇದು ಗೊತ್ತಿತ್ತು. ಅಲ್ಲಿನ 'ಇಕೆಜಿಮೆ' ಪದ್ಧತಿಯಲ್ಲಿ ಮೀನಿನ ಮಿದುಳಿಗೆ ಚೂಪಾದ ಸಲಾಕೆ ಚುಚ್ಚಿ ಕ್ಷಣದಲ್ಲಿ ಕೊಂದು, ರಕ್ತ ಬಸಿದು, ಬೆನ್ನುಹುರಿಯೊಳಗೆ ತಂತಿ ಹಾಯಿಸುತ್ತಾರೆ. ಕೇಳೋಕೆ ಭಯಂಕರ, ಆದರೆ ತಕ್ಕಡಿಯ ಮೇಲಿನ ಒದ್ದಾಟಕ್ಕಿಂತ ಎಷ್ಟೋ ಚಿಕ್ಕ ಸಾವು ಅದು.

ಹಾಗಾದ್ರೆ ಐಸಿನಲ್ಲಿ ಹಾಕಿಬಿಟ್ರೆ ಸಾಲದಾ? ಬ್ರಿಸ್ಟಲ್ ವಿಶ್ವವಿದ್ಯಾಲಯದವರು 1991ರಲ್ಲಿ ಟ್ರೌಟ್ ಮೀನಿನ ಮೇಲೆ ಇದನ್ನು ಅಳೆದಿದ್ದಾರೆ. ನೀರಿನಿಂದ ತೆಗೆದ ಮೀನಿನ ಮಿದುಳು ಸ್ಪಂದಿಸೋದು ನಿಲ್ಲೋಕೆ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ನಿಮಿಷ ಸಾಕಾದರೆ, 2 ಡಿಗ್ರಿಯ ಚಳಿಯಲ್ಲಿ ಒಂಬತ್ತು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಸತ್ತ ಮೀನಿಗೆ ಐಸ್ ಅಮೃತ, ಬದುಕಿರೋ ಮೀನಿಗೆ ಅದು ಸಾವನ್ನು ಎಳೆಯೋ ಹಗ್ಗ. ಇನ್ನು ನಮ್ಮ ಗೆಂಡೆ ಜಾತಿಗಳು ಟ್ರೌಟಿಗಿಂತ ಗಟ್ಟಿ ಪಿಂಡ, ಆಮ್ಲಜನಕ ಕಡಿಮೆಯಾದರೂ ತಡೆದುಕೊಳ್ಳುತ್ತವೆ. ಅಂದ್ರೆ ಅಂಗಡಿಯ ಹಲಗೆ ಮೇಲೆ ಅವು ಇನ್ನೂ ಹೆಚ್ಚು ಹೊತ್ತು ಎಚ್ಚರವಾಗಿರುತ್ತವೆ. ಪೊರೆ ಹೆರೆಯೋವಾಗಲೂ ಬಾಲ ಬಡಿಯೋದನ್ನು ನಾವೆಲ್ಲ ನೋಡಿದ್ದೀವಿ.

ಕೊನೆಯ ಗಂಟೆ ಮಾತ್ರ ಅಲ್ಲ, ಬದುಕಿದ ನೀರೂ ಮಾಂಸದಲ್ಲಿ ಬರೆದಿಡುತ್ತೆ. ಕೆರೆ ಮೀನಿಗೆ 'ಮಣ್ಣು ವಾಸನೆ' ಅಂತೀವಲ್ಲ, ಅದು ಮಣ್ಣಿನದಲ್ಲ, ಜಿಯೋಸ್ಮಿನ್ ಅನ್ನೋ ರಾಸಾಯನಿಕದ್ದು. ಈ ಹೆಸರು ಕೊಟ್ಟಿದ್ದು 1965ರಲ್ಲಿ. ಮೊದಲ ಮಳೆ ಬಿದ್ದಾಗ ಮೂಗು ಅರಳಿಸಿ "ಆಹಾ" ಅಂತೀವಲ್ಲ, ಅದೇ! ಮಳೆಯಲ್ಲಿ ಕವಿತೆ, ಮೀನಿನಲ್ಲಿ ವಾಂತಿ. ಕೊಳಚೆ ಸೇರಿ ಪಾಚಿ ಕಟ್ಟಿದ ನೀರಿನಲ್ಲಿ ಕೆಲವು ನೀಲಿ-ಹಸಿರು ಪಾಚಿಗಳು ಇದನ್ನು ತಯಾರಿಸುತ್ತವೆ, ಕಿವಿರಿನ ಮೂಲಕ ಅದು ಮೀನಿನ ಕೊಬ್ಬಿಗೆ ಸೇರುತ್ತೆ. ಅದೇ ಪಾಚಿ ರಾತ್ರಿ ಹೊತ್ತು ನೀರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತೆ. ಮೀನಿಗೆ ಉಸಿರು ಕಟ್ಟಿಸೋ ನೀರೇ ನಮ್ಮ ತಟ್ಟೆಗೆ ಆ ವಾಸನೆ ತರುತ್ತೆ. ಇದು ಕಣ್ಣಿಗೆ ಕಟ್ಟಿದ್ದು 2016ರ ಮಾರ್ಚಿನಲ್ಲಿ, ನಮ್ಮ ಹಲಸೂರು ಕೆರೆಯಲ್ಲಿ. ಸಾವಿರಾರು ಮೀನು ಒಮ್ಮೆಲೇ ಸತ್ತು ತೇಲಿದವು, ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಪೇಪರಿನ ಫೋಟೋದಲ್ಲಿ ಬೆಳ್ಳಗೆ ಕಂಡಿದ್ದು ನೊರೆಯಲ್ಲ, ಮೀನಿನ ಹೊಟ್ಟೆಗಳು. ಮಣ್ಣು ವಾಸನೆಗೆ ಪರಿಹಾರ ಹಳೆಯದು, ಸುಲಭದ್ದು. ಮಾರುವ ಮೊದಲು ಕೆಲವು ದಿನ ಶುದ್ಧ ನೀರಿನಲ್ಲಿ, ತಿನಿಸು ಹಾಕದೆ ಬಿಡೋದು. ಮರಿಗೆ ನೂರು ವರ್ಷದಿಂದ ಮಾಡ್ತಾ ಇರೋ ಉಪವಾಸವನ್ನೇ ದೊಡ್ಡ ಮೀನಿಗೂ ಮಾಡಿಸಿದಂತೆ.

ಈಗ ಕಾನೂನಿನ ಮಾತು. ಬ್ರಿಟನ್ನಿನಲ್ಲಿ 1965ರಲ್ಲಿ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗಳ ಕ್ಷೇಮದ ಬಗ್ಗೆ ಮೊದಲ ದೊಡ್ಡ ವರದಿ ಕೊಟ್ಟಿತು. ಸಾಕಿದ ಮೀನಿಗೂ ಆ ಮಾತು ಅನ್ವಯಿಸಿ ಅಲ್ಲಿನ ಮಂಡಳಿ ವರದಿ ಕೊಟ್ಟಿದ್ದು 1996ರಲ್ಲಿ. ಮೀನಿಗೆ ನೋವು ಗೊತ್ತಾಗುತ್ತಾ ಅನ್ನೋ ಚರ್ಚೆ ಜೋರಾಗಿದ್ದು 2003ರಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರ ಪ್ರಯೋಗದಿಂದ. ತುಟಿಗೆ ಆಮ್ಲ ಚುಚ್ಚಿದ ಟ್ರೌಟ್‌ಗಳು ತಿನ್ನೋದು ಬಿಟ್ಟು, ತುಟಿಯನ್ನು ಕಲ್ಲಿಗೆ ಉಜ್ಜಿಕೊಂಡವು. ಒಪ್ಪದ ವಿಜ್ಞಾನಿಗಳು ಈಗಲೂ ಇದ್ದಾರೆ, ಆದರೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮಾವಳಿಯಲ್ಲಿ ಸಾಕಿದ ಮೀನನ್ನು ಕೊಲ್ಲುವ ಮೊದಲು ಪ್ರಜ್ಞೆ ತಪ್ಪಿಸುವ ಬಗ್ಗೆ ಒಂದು ಅಧ್ಯಾಯವೇ ಇದೆ. ಕ್ರಿಸ್‌ಮಸ್‌ಗೆ ಗೆಂಡೆ ಮೀನನ್ನೇ ತಿನ್ನೋ ಪೋಲೆಂಡಿನಲ್ಲಿ ಜೀವಂತ ಮೀನನ್ನು ನೀರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಮಾರಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ಹಿಂಸೆ ಆಗಬಲ್ಲದು ಅಂತ 2016ರಲ್ಲಿ ಕೋರ್ಟು ಹೇಳಿತು.

ನಾವು ಇದರಲ್ಲಿ ಹಿಂದೆ ಅಂದುಕೊಂಡ್ರಾ? ನಮ್ಮ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಬ್ರಾಂಬೆಲ್‌ಗಿಂತ ಐದು ವರ್ಷ ಹಿರಿಯದು! ಅದರ ಪ್ರಕಾರ 'ಪ್ರಾಣಿ' ಅಂದ್ರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಮೀನೂ ಸೇರಿತು. ಆಹಾರಕ್ಕೆ ಕೊಲ್ಲೋದು ತಪ್ಪಲ್ಲ ಅಂತ ಹನ್ನೊಂದನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ, ಆದರೆ 'ಅನಗತ್ಯ ನೋವು' ಆಗದಿದ್ದರೆ ಮಾತ್ರ. 1897ರ ಕಾಯ್ದೆ ಮೀನು ಉಳಿಯಲಿ ಅಂತಿತ್ತು, ಇದು ಮೀನು ನರಳದಿರಲಿ ಅನ್ನುತ್ತೆ. ಕಾಗದದ ಮೇಲೆ ಎಷ್ಟು ಚೆಂದ! ಆದರೆ 2001ರಲ್ಲಿ ಬಂದ ಕಸಾಯಿಖಾನೆ ನಿಯಮಗಳು ಕುರಿ-ದನ-ಕೋಳಿಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಮೀನಿನ ಹಲಗೆಯವರೆಗೆ ಅವು ಬರಲೇ ಇಲ್ಲ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಧ್ಯಾಹ್ನ ತಂದು ಸಂಜೆಯೊಳಗೆ ಹುಣಸೆಹುಳಿ, ಖಾರ ಹಾಕಿ ಕುದಿಸೋ ಮನೆಗಳಲ್ಲಿ ಈ ವ್ಯತ್ಯಾಸ ನಾಲಿಗೆಗೆ ಗೊತ್ತಾಗೋದು ಕಷ್ಟ. ಐಸಿನಲ್ಲಿ ದಿನಗಟ್ಟಲೆ ಇಡೋ ಮೀನಿನಲ್ಲಿ, ಮುಳ್ಳು ತೆಗೆದ ತುಂಡುಗಳಲ್ಲಿ ಅದು ಎದ್ದು ಕಾಣುತ್ತೆ. ನಾರ್ವೆಯಂಥ ದೇಶಗಳ ಸಾಲ್ಮನ್ ಉದ್ಯಮ ಮೀನಿನ ಪ್ರಜ್ಞೆ ತಪ್ಪಿಸೋ ಯಂತ್ರಗಳಿಗೆ ದುಡ್ಡು ಸುರಿಯೋಕೆ ಕರುಣೆ ಎಷ್ಟು ಕಾರಣವೋ, ಮಾಂಸ ಹಾಳಾದರೆ ಆಗೋ ನಷ್ಟವೂ ಅಷ್ಟೇ ಕಾರಣ. ನಮ್ಮ ಅಂಗಡಿಯವನಿಗೆ ಆ ನಷ್ಟ ಇಲ್ಲ, ಬದಲಾಗಿ ಒದ್ದಾಡಿಸಿ ತೋರಿಸಿದರೆ ಲಾಭ. ಆ ಲಾಭ ಕೊಡ್ತಾ ಇರೋರು ಗಿರಾಕಿಗಳು, ಅಂದ್ರೆ ನಾನು, ನೀವು. ಮರಿ ಉಳಿಸಿದ್ದು ನಷ್ಟದ ಭಯ, ದೊಡ್ಡ ಮೀನಿನ ಪಾಲಿಗೆ ಆ ಭಯ ಯಾರಿಗೂ ಇಲ್ಲ. ಹಾಗಾಗಿ ಇಲ್ಲಿ ರುಚಿಯ ವಾದ ಒಂದೇ ಸಾಲದು, 1960ರ ಕಾಯ್ದೆಯ 'ಅನಗತ್ಯ' ಅನ್ನೋ ಪದವನ್ನೂ ಜೊತೆಗೆ ಹಿಡಿದುಕೊಳ್ಳಬೇಕು.

ಯಾಕೆಂದ್ರೆ ಅದು ನಿಜವಾಗಿ ಅನಗತ್ಯ. ಬೇಕಾಗಿರೋದು ಒಂದು ಮರದ ಕೊಡತಿ. ನೀರಿನಿಂದ ತೆಗೆದ ಕೂಡಲೇ ಕಣ್ಣುಗಳ ಸ್ವಲ್ಪ ಹಿಂದೆ, ತಲೆಯ ಮೇಲೆ ಸರಿಯಾಗಿ ಒಂದು ಬಲವಾದ ಪೆಟ್ಟು, ತಕ್ಷಣ ಕಿವಿರು ಕತ್ತರಿಸಿ ರಕ್ತ ಬಸಿಯೋದು, ಆಮೇಲೆ ತೂಕ, ಐಸು, ಪೊರೆ ಎಲ್ಲಾ. ಕರೆಂಟು ಬೇಡ, ಜಪಾನಿನ ಸಲಾಕೆ ಬೇಡ. ಕೆಲವು ಕಡೆ ಹೇಳಿದರೆ ಹಾಗೇ ಮಾಡಿಕೊಡ್ತಾರೆ. "ಅಣ್ಣಾ, ಮೊದ್ಲು ತಲೆಗೆ ಒಂದು ಹೊಡೆದುಬಿಡಿ, ಆಮೇಲೆ ತೂಕ ಹಾಕಿ" ಅಂದ್ರೆ ಒಂದು ಸಲ ವಿಚಿತ್ರವಾಗಿ ನೋಡ್ತಾರೆ, ಅಷ್ಟೇ. ಎರಡನೇ ಸಲ ಅವರೇ ಕೇಳ್ತಾರೆ.

ನಿಮ್ಮೂರಿನ ಕಡೆ ಮೀನನ್ನು ಹೇಗೆ ಕೊಲ್ತಾರೆ? ಮಲೆನಾಡಿನ ಹಳ್ಳಗಳಲ್ಲಿ, ಕರಾವಳಿಯ ದೋಣಿಗಳಲ್ಲಿ, ಬಯಲುಸೀಮೆಯ ಕೆರೆಕೋಡಿಯಲ್ಲಿ ಇದಕ್ಕೆ ಬೇರೆ ಬೇರೆ ಕ್ರಮ ಇದ್ದಿರಲೇಬೇಕು. ಅಜ್ಜಿ-ತಾತಂದಿರ ಬಾಯಲ್ಲಿ ಕೇಳಿದ್ದು ಏನಾದರೂ ನೆನಪಿದ್ದರೆ ದಯವಿಟ್ಟು ಬರೆದಿಡಿ. ಸೋಮೇಶ್ವರ ಬರೆದ ಪಟ್ಟಿಗೆ ನಾವು ಸೇರಿಸಬೇಕಾದ ಪುಟ ಅದು.